ಹಕ್ಕಿಗೊಂದು ನೀರಿನ ತಟ್ಟೆ: ಮನೆಯ ಹಳೆಯ ಸಾಮಾನಿನಿಂದ ಮಾಡುವ ಬಗೆ



ಬೇಸಿಗೆಯ ದಿನಗಳಲ್ಲಿ ಬೆಳಗಿನ ಜಾವ ಎಮ್ಮೆಗೆ ನೀರು ಕುಡಿಸಲು ಹೋದಾಗ, ಡೋಣಿಯಲ್ಲಿ ಒಂದು ಗುಬ್ಬಿಯೋ ಗೊರವಂಕವೋ ಸತ್ತು ತೇಲುತ್ತಿರುವುದನ್ನು ನಮ್ಮಲ್ಲಿ ಬಹಳ ಮಂದಿ ಕಂಡಿದ್ದೇವೆ. ಎಮ್ಮೆ ಒಮ್ಮೆ ಮೂಸಿ ನೋಡಿ ಮುಖ ತಿರುಗಿಸುತ್ತದೆ. ನಾವು ಹಕ್ಕಿಯನ್ನು ಎತ್ತಿ ತಿಪ್ಪೆಗೆ ಒಗೆದು, ನೀರನ್ನೆಲ್ಲ ಚೆಲ್ಲಿ, ಡೋಣಿ ತಿಕ್ಕಿ ತೊಳೆದು, ಮತ್ತೆ ಕೊಡಗಟ್ಟಲೆ ನೀರು ಹೊತ್ತು ತುಂಬುತ್ತೇವೆ. ಅಷ್ಟು ಹೊತ್ತಿಗೆ ಸಂಘಕ್ಕೆ ಹಾಲು ಒಯ್ಯುವ ವೇಳೆ ಮೀರುತ್ತಾ ಬಂದಿರುತ್ತದೆ. ಬೇಸರವಾಗುತ್ತದೆ, ಹಕ್ಕಿಯ ಬಗ್ಗೆ ಅಯ್ಯೋ ಎನಿಸುತ್ತದೆ. ಆದರೆ ಮರುದಿನ ಮರೆತುಬಿಡುತ್ತೇವೆ.

ಈ ತೊಂದರೆಗೆ ಖರ್ಚಿಲ್ಲದ ಪರಿಹಾರವೊಂದಿದೆ. ಹಕ್ಕಿಗಳಿಗೆ ಬೇರೆಯಾಗಿ ನೀರು ಇಡುವುದೇ ಆ ಪರಿಹಾರ. ಇದಕ್ಕೆ ಪೇಟೆಯಿಂದ ಏನನ್ನೂ ತರಬೇಕಾಗಿಲ್ಲ. ಒಡೆದ ಕೊಡ, ತೂತು ಬಿದ್ದ ಪುಟ್ಟಿ, ಹಳೆಯ ಪರಾತ ಮುಂತಾದ ಮೂಲೆಗೆ ಸೇರಿದ ಸಾಮಾನುಗಳಿಂದಲೇ ಇದನ್ನು ಮಾಡಿಕೊಳ್ಳಬಹುದಾಗಿದೆ. ಆದರೆ ಒಂದು ಮಾತನ್ನು ಮೊದಲೇ ಹೇಳಬೇಕು. ಯಾವುದೋ ಪಾತ್ರೆಯಲ್ಲಿ ನೀರು ತುಂಬಿ ಇಟ್ಟರೆ ಹಕ್ಕಿಗೆ ನೀರು ಇಟ್ಟಂತೆ ಆಗುವುದಿಲ್ಲ. ಸರಿಯಾಗಿ ಇಡದಿದ್ದರೆ ಉಪಕಾರಕ್ಕಿಂತ ಅಪಾಯವೇ ಹೆಚ್ಚು.

ನಾನೇ ಮಾಡಿದ ತಪ್ಪು

ಇದನ್ನು ಓದಿ ತಿಳಿದದ್ದಕ್ಕಿಂತ ಅನುಭವದಿಂದ ತಿಳಿದದ್ದೇ ಹೆಚ್ಚು. ನಾನು ಮೊದಲು ಹಿತ್ತಲಲ್ಲಿ ಇಟ್ಟದ್ದು ಒಂದು ಹಳೆಯ ಸ್ಟೀಲ್ ಬೋಗುಣಿ. ಆರು ಇಂಚು ಆಳ, ಒಳಗೆಲ್ಲ ಕನ್ನಡಿಯಂಥ ನುಣುಪು. ಅದರ ತುಂಬ ನೀರು ಹಾಕಿ ಕಟ್ಟೆಯ ಮೇಲೆ ಇಟ್ಟು, ಪುಣ್ಯದ ಕೆಲಸ ಮಾಡಿದೆನೆಂದು ತಿಳಿದುಕೊಂಡೆ. ಎರಡು ವಾರ ಕಾದರೂ ಹಕ್ಕಿಗಳು ಹತ್ತಿರಕ್ಕೆ ಬರಲಿಲ್ಲ. ಒಂದು ಕಾಗೆ ಮಾತ್ರ ಅಂಚಿನ ಮೇಲೆ ಕುಳಿತು ಕುಡಿದು ಹೋಗುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಅಳಿಲಿನ ಮರಿಯೊಂದು ಬೋಗುಣಿಯಲ್ಲಿ ಬಿದ್ದು ಸತ್ತಿತ್ತು. ನುಣುಪಾದ ಗೋಡೆ ಹತ್ತಿ ಬರಲು ಅದಕ್ಕೆ ಸಾಧ್ಯವಾಗಿರಲಿಲ್ಲ. ದನದ ಡೋಣಿಯಲ್ಲಿ ಆಗುತ್ತಿದ್ದ ಅನಾಹುತವನ್ನೇ ನಾನು ಸಣ್ಣ ಪ್ರಮಾಣದಲ್ಲಿ ಹಿತ್ತಲಿಗೆ ತಂದಿಟ್ಟಿದ್ದೆ.

ಅಂದು ತಿಳಿದದ್ದು ಇಷ್ಟೇ. ಪಾತ್ರೆ ಯಾವುದಾದರೂ ಇರಲಿ, ಅದರ ಆಳ ಮುಖ್ಯ. ಎರಡನೆಯದಾಗಿ, ಕಾಲೂರಲು ಒರಟು ನೆಲ ಬೇಕು. ಮೂರನೆಯದಾಗಿ, ದಿನವೂ ನೀರು ಬದಲಾಗಬೇಕು. ಈ ಮೂರು ಸರಿಯಿದ್ದರೆ ಒಡೆದ ಮಡಕೆಯೂ ಸಾಕು. ಈ ಮೂರು ತಪ್ಪಿದರೆ ಬೆಲೆಬಾಳುವ ಪಾತ್ರೆಯೂ ಉಪಯೋಗವಿಲ್ಲ.

ಹಕ್ಕಿ ಡೋಣಿಗೆ ಬೀಳುವುದು ಏಕೆ?

ಸಂಗೊಳ್ಳಿ, ಬೈಲಹೊಂಗಲ, ಕಿತ್ತೂರು ಭಾಗದಲ್ಲಿ ಹಿಂಗಾರಿ ಬೆಳೆ ಕೊಯ್ಲಾದ ಮೇಲೆ ಎರೆಹೊಲ ಬಿರುಕು ಬಿಡುತ್ತದೆ. ಮಲಪ್ರಭೆಯ ಹರಿವು ಇಳಿಯುತ್ತದೆ, ಹಳ್ಳ-ಕೊಳ್ಳಗಳು ಬತ್ತುತ್ತವೆ. ಸವದತ್ತಿ, ರಾಮದುರ್ಗದ ಕಡೆ ಬಿಸಿಲು ಇನ್ನೂ ಜೋರು. ಮೊದಲು ಊರೊಳಗೆ ಸೇದುವ ಬಾವಿಯ ಸುತ್ತ ಕಲ್ಲಿನ ಹಾಸಿನಲ್ಲಿ ಚೆಲ್ಲಿದ ನೀರು ಸದಾ ಒಂದಿಷ್ಟು ನಿಂತಿರುತ್ತಿತ್ತು. ಬಚ್ಚಲ ನೀರು ಹಿತ್ತಲ ಬಾಳೆಗಿಡಕ್ಕೆ ಹರಿಯುತ್ತಿತ್ತು. ಹಕ್ಕಿಗಳಿಗೆ ಅದೇ ಸಾಕಾಗುತ್ತಿತ್ತು. ಈಗ ನಳದ ನೀರು ನೇರವಾಗಿ ಮುಚ್ಚಿದ ಟಾಕಿಗೆ ಸೇರುತ್ತದೆ. ಗಟಾರಗಳಿಗೆ ಸಿಮೆಂಟು ಬಂದಿದೆ. ಇದು ಆರೋಗ್ಯದ ದೃಷ್ಟಿಯಿಂದ ಒಳ್ಳೆಯದೇ ಆದರೂ ಹಕ್ಕಿಗಳ ಪಾಲಿಗೆ ಊರಿನಲ್ಲಿ ತೆರೆದ ನೀರು ಇಲ್ಲವಾಗಿದೆ. ಉಳಿದಿರುವುದು ನಮ್ಮ ದನದ ಡೋಣಿ ಮಾತ್ರ.

ಡೋಣಿ ತುಂಬಿದ್ದಾಗ ಹಕ್ಕಿ ಅಂಚಿನ ಮೇಲೆ ಕುಳಿತು ಸುಲಭವಾಗಿ ಕುಡಿಯುತ್ತದೆ. ದನ ಕುಡಿದು ನೀರು ಒಂದು ಗೇಣು ಕೆಳಗಿಳಿದಾಗ ಅಂಚಿನಿಂದ ಬಗ್ಗಿ ಕುಡಿಯಲು ಹೋಗಿ ಜಾರುತ್ತದೆ. ಪುಕ್ಕ ತೊಯ್ದ ಮೇಲೆ ರೆಕ್ಕೆ ಭಾರವಾಗಿ ಹಾರಲಾಗುವುದಿಲ್ಲ. ಸಿಮೆಂಟಿನ ಕಡಿದಾದ ಗೋಡೆ ಏರಲಾಗುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಮುಳುಗುತ್ತದೆ.

ಹಕ್ಕಿಗೆ ಬಿಸಿಲಿನಲ್ಲಿ ನೀರು ಏಕೆ ಬೇಕು?

ಹಕ್ಕಿಯ ಮೈ ನಮ್ಮ ಮೈಗಿಂತ ಬಿಸಿ. ನಮ್ಮದು ಸುಮಾರು 37 ಡಿಗ್ರಿ ಸೆಲ್ಸಿಯಸ್ ಇದ್ದರೆ ಹೆಚ್ಚಿನ ಹಕ್ಕಿಗಳದ್ದು 40ರಿಂದ 42 ಡಿಗ್ರಿ ಇರುತ್ತದೆ. ಮೇಲಾಗಿ ಹಕ್ಕಿಗಳಿಗೆ ಬೆವರು ಗ್ರಂಥಿಗಳಿಲ್ಲ. ಬಿಸಿಲು ಹೆಚ್ಚಾದಾಗ ಕಾಗೆ ಬಾಯಿ ತೆರೆದು ಏದುಸಿರು ಬಿಡುವುದನ್ನು ನೀವು ನೋಡಿರಬಹುದು. ಉಸಿರಿನ ದಾರಿಯಲ್ಲಿರುವ ತೇವವನ್ನು ಆವಿ ಮಾಡಿ ಅದು ಮೈ ತಂಪು ಮಾಡಿಕೊಳ್ಳುವ ರೀತಿ ಅದು. ಹೀಗೆ ಹೋದ ನೀರನ್ನು ಕುಡಿದು ತುಂಬಿಕೊಳ್ಳಲೇಬೇಕು.

ಕುಡಿಯುವುದಲ್ಲದೆ ಮೀಯುವುದೂ ಹಕ್ಕಿಗೆ ಅಗತ್ಯ. ಮಿಂದ ಮೇಲೆ ಅದು ಒಣ ಕೊಂಬೆಯ ಮೇಲೆ ಕುಳಿತು, ಬಾಲದ ಬುಡದಲ್ಲಿರುವ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ತೆಗೆದು ಗರಿಗರಿಗೂ ಸವರಿಕೊಳ್ಳುತ್ತದೆ. ಗರಿಗಳು ಶುದ್ಧವಾಗಿದ್ದರೆ ಮಾತ್ರ ಹಾರುವುದು ಸಲೀಸು. ಗುಬ್ಬಿ ನೀರಿನಲ್ಲಿ ಮೀಯುವುದರ ಜೊತೆಗೆ ಹುಡಿಮಣ್ಣಿನಲ್ಲಿಯೂ ಹೊರಳಾಡುತ್ತದೆ. ಆದ್ದರಿಂದ ನೀರಿನ ತಟ್ಟೆಯ ಸಮೀಪದಲ್ಲಿ ಒಂದು ಮೊಳದಷ್ಟು ಜಾಗವನ್ನು ಸಾರಿಸದೆ ಮಣ್ಣಾಗಿಯೇ ಬಿಡುವುದು ಒಳ್ಳೆಯದು.

ನೀರಿಗೂ ಹಕ್ಕಿಗೂ ಇರುವ ನಂಟು ನಮ್ಮ ಹಿರಿಯರಿಗೆ ಹೊಸದಲ್ಲ. ಸವದತ್ತಿ ತಾಲ್ಲೂಕಿನಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿರುವ ಸ್ಥಳದ ಹೆಸರೇ ನವಿಲುತೀರ್ಥ.

ಹಾಲು ಉತ್ಪಾದಕರಿಗೆ ಇದರಿಂದ ಏನು ಪ್ರಯೋಜನ?

ಮೊದಲನೆಯದು, ಶುದ್ಧ ನೀರು. ಆಕಳ ಹಾಲಿನಲ್ಲಿ ಶೇಕಡಾ 87ರಷ್ಟು ನೀರೇ ಇರುತ್ತದೆ. ಒಂದು ಲೀಟರ್ ಹಾಲಿಗೆ ಹಸುವು ಸುಮಾರು 4 ಲೀಟರ್ ನೀರನ್ನು ಕುಡಿಯಬೇಕಾಗುತ್ತದೆ. ಮೈಯ ಇತರ ಅಗತ್ಯಗಳಿಗೆ ಬೇಕಾದ ನೀರು ಬೇರೆ. ಸತ್ತ ಹಕ್ಕಿ ಅಥವಾ ಹಿಕ್ಕೆ ಬಿದ್ದ ನೀರನ್ನು ಹಸು ಕಡಿಮೆ ಕುಡಿಯುತ್ತದೆ. ನೀರು ಕಡಿಮೆ ಕುಡಿದರೆ ಮೇವು ತಿನ್ನುವುದೂ ಕಡಿಮೆ, ಹಾಲೂ ಕಡಿಮೆ. ಅಲ್ಲದೆ ಹಕ್ಕಿಗಳ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳು ಇರಬಹುದು. ಅವು ದನಗಳಿಗೂ ಕರುಗಳಿಗೂ ಭೇದಿ ತರಬಲ್ಲವು. ತಮಗೆ ಅನುಕೂಲವಾದ ತಟ್ಟೆ ಹತ್ತಿರದಲ್ಲಿಯೇ ಇದ್ದರೆ ಸಣ್ಣ ಹಕ್ಕಿಗಳು ಆಳವಾದ ಡೋಣಿಯತ್ತ ಹೋಗುವುದು ಕಡಿಮೆಯಾಗುತ್ತದೆ.

ಎರಡನೆಯದು, ಹೊಲದ ಕೆಲಸ. ದನ ಮೇಯುವಲ್ಲಿ ಬೆಳ್ಳಕ್ಕಿ, ಕಾಜಾಣ, ಗೊರವಂಕಗಳು ಹಿಂದೆಯೇ ಇರುತ್ತವೆ. ದನದ ಕಾಲ್ತುಳಿತಕ್ಕೆ ಹಾರುವ ಮಿಡತೆ, ನೊಣಗಳು ಅವುಗಳ ಆಹಾರ. ಕಡಲೆ, ತೊಗರಿ ಬೆಳೆಗಳಲ್ಲಿ ಕಾಯಿಕೊರಕ ಹುಳುವಿನ ಹತೋಟಿಗೆ ಎಕರೆಗೆ ಸುಮಾರು 20 ಕವಲು ಕೋಲುಗಳನ್ನು ನೆಟ್ಟು ಹಕ್ಕಿ ಕೂರಲು ಆಸರೆ ಮಾಡಿರೆಂದು ಕೃಷಿ ತಜ್ಞರು ಹೇಳುವುದು ಇದಕ್ಕಾಗಿಯೇ. ಕಾಳು ತಿನ್ನುವ ಗುಬ್ಬಿ ಕೂಡ ತನ್ನ ಮರಿಗಳಿಗೆ ಹುಳುಗಳನ್ನೇ ಹಿಡಿದು ತಿನ್ನಿಸುತ್ತದೆ.

ಇಲ್ಲೊಂದು ಪ್ರಶ್ನೆ ಬರುವುದು ಸಹಜ. “ಜೋಳದ ಹೊಲದಲ್ಲಿ ಅಟ್ಟಣಿಗೆ ಏರಿ ಕವಣೆ ಬೀಸುವವರು ನಾವು, ನಾವೇ ಹಕ್ಕಿಗೆ ನೀರು ಇಡಬೇಕೇ?” ಎಂದು. ಇದು ತೆಗೆದುಹಾಕುವ ಮಾತಲ್ಲ. ತೆನೆ ಹಾಲುಗಾಳು ಕಟ್ಟುವಾಗ ಹಕ್ಕಿ ಮಾಡುವ ಹಾನಿ ನಮಗೆಲ್ಲ ಗೊತ್ತು. ಆದರೆ ಹಿಂಗಾರಿ ಜೋಳ ಕೊಯ್ದು ರಾಶಿ ಮಾಡಿದ ನಂತರವೇ ನೀರಿನ ನಿಜವಾದ ಬರ ಆರಂಭವಾಗುತ್ತದೆ. ಮಾರ್ಚ್‌ನಿಂದ ಮುಂಗಾರು ಮಳೆ ಹಿಡಿಯುವವರೆಗೆ ಹೊಲದಲ್ಲಿ ಕಾಯಬೇಕಾದ ಜೋಳ ಇರುವುದಿಲ್ಲ. ಆ ಮೂರು ತಿಂಗಳು ಮನೆಯ ಹತ್ತಿರ ನೀರು ಇಟ್ಟರೆ ಯಾರಿಗೂ ನಷ್ಟವಿಲ್ಲ. ತೆನೆಯ ಕಾಲದಲ್ಲಿ ಹೊಲದ ಬದುವಿನಲ್ಲಿ ನೀರು ಇಡದಿದ್ದರೆ ಆಯಿತು.

ಅಳತೆಗಳು

ಸಾಮಾನು ಹುಡುಕುವ ಮೊದಲು ಈ ಅಳತೆಗಳನ್ನು ನೆನಪಿನಲ್ಲಿಡಬೇಕು.

1. ಆಳ: ಅಂಚಿನಲ್ಲಿ ಅರ್ಧ ಇಂಚು, ನಡುವೆ ಹೆಚ್ಚೆಂದರೆ 2 ಇಂಚು. ಕೈಯ ತೋರುಬೆರಳನ್ನು ನೆಟ್ಟಗೆ ಇಳಿಸಿದರೆ ಎರಡನೆಯ ಗೆಣ್ಣು ಮುಳುಗಬಾರದು.

2. ಅಗಲ: 12ರಿಂದ 18 ಇಂಚು. ಇದಕ್ಕಿಂತ ಚಿಕ್ಕದಾದರೆ ಕುಡಿಯಲು ಆದೀತು, ಮೀಯಲು ಆಗದು.

3. ಇಳಿಜಾರು: ಅಂಚಿನಿಂದ ನಡುವಿಗೆ ನಿಧಾನವಾಗಿ ಇಳಿಯಬೇಕು. ಹಕ್ಕಿ ನಡೆದುಕೊಂಡು ನೀರಿಗೆ ಇಳಿಯುತ್ತದೆ, ಹಾರಿ ಬೀಳುವುದಿಲ್ಲ.

4. ನೆಲ: ಒರಟಾಗಿರಬೇಕು. ನುಣುಪಾದ ಪಾತ್ರೆಯಾದರೆ ತಳದಲ್ಲಿ ಹರಳು, ಹಂಚಿನ ಚೂರು ಹರಡಬೇಕು.

5. ನಡುವೆ ನೀರಿನಿಂದ ಮೇಲೆ ಕಾಣುವಂತೆ ಒಂದು ಚಪ್ಪಟೆ ಕಲ್ಲು ಇರಬೇಕು. ಸಣ್ಣ ಹಕ್ಕಿಗಳು ಅದರ ಮೇಲೆ ಕುಳಿತು ಕುಡಿಯುತ್ತವೆ. ನೀರಿಗೆ ಬಿದ್ದ ಜೇನ್ನೊಣವೂ ಅದನ್ನು ಹತ್ತಿ ಬದುಕುತ್ತದೆ.

ಒಂದು ಅಡಿ ಅಗಲದ ಇಂಥ ತಟ್ಟೆಗೆ ಒಂದೆರಡು ಲೀಟರ್, ಅಂದರೆ ಎರಡು ಚರಿಗೆ ನೀರು ಸಾಕು. ಸತ್ತ ಹಕ್ಕಿಯಿಂದಾಗಿ ನಾವು ಡೋಣಿಯಿಂದ ಚೆಲ್ಲುವ ನೀರಿನ ಮುಂದೆ ಇದು ಏನೂ ಅಲ್ಲ.

ಯಾವ ಸಾಮಾನು ಆದೀತು?

ಒಡೆದ ಕೊಡದ ಅಥವಾ ಗುಡಾಣದ ತಳ, ಮಣ್ಣಿನ ಮುಚ್ಚಳ, ರೊಟ್ಟಿ ಸುಡುವ ಹಳೆಯ ಮಣ್ಣಿನ ಹಂಚು, ತಗ್ಗು-ದಿಣ್ಣೆಯಾದ ಪರಾತ ಅಥವಾ ತಾಟು, ತಳ ಸವೆದ ಕಬ್ಬಿಣದ ಪುಟ್ಟಿ ಇವೆಲ್ಲ ಯೋಗ್ಯ. ಮಣ್ಣಿನ ಸಾಮಾನು ಎಲ್ಲಕ್ಕಿಂತ ಉತ್ತಮ. ಅದು ಒರಟಾಗಿರುತ್ತದೆ, ನೀರನ್ನು ತಂಪಾಗಿಯೂ ಇಡುತ್ತದೆ. ಒರಳುಕಲ್ಲನ್ನೂ ಬಳಸಬಹುದು. ಆದರೆ ಅದರ ಕುಳಿ ಆಳವಾದ್ದರಿಂದ ಎರಡು ಇಂಚು ಮಾತ್ರ ಉಳಿಯುವಂತೆ ಕಲ್ಲು, ಮರಳು ತುಂಬಬೇಕು. ಆಸರೆಗೆ ಬೀಸುಕಲ್ಲು, ಹಳೆಯ ಚಕ್ಕಡಿಯ ಗಾಲಿಯ ಗುಂಬ, ಬೋರಲು ಹಾಕಿದ ಗಡಿಗೆ ಅಥವಾ ಇಟ್ಟಿಗೆಗಳನ್ನು ಉಪಯೋಗಿಸಬಹುದು. ಮನೆಯಲ್ಲಿ ಇಲ್ಲದಿದ್ದರೆ ಗುಜರಿ ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರೆಯುತ್ತವೆ.

ಯಾವುದು ಬೇಡ?

ಕೀಟನಾಶಕದ ಡಬ್ಬಿ, ಬಣ್ಣದ ಡಬ್ಬಿ, ಎಂಜಿನ್ ಆಯಿಲ್ ಇದ್ದ ಡಬ್ಬಿಗಳನ್ನು ಎಷ್ಟು ತೊಳೆದರೂ ಉಪಯೋಗಿಸಬಾರದು. ದನಗಳ ಚಿಕಿತ್ಸೆಗೆ ಬಳಸಿದ ಸಲಾಯಿನ್ ಬಾಟಲಿ, ನಳಿಕೆಗಳೂ ಬೇಡ. ಗಾಜಿನ ಒಡೆದ ಸಾಮಾನು ಹಕ್ಕಿಯ ಕಾಲು ಕೊಯ್ಯುತ್ತದೆ. ಹಳೆಯ ಟೈರಿನಲ್ಲಿ ನೀರು ನಿಂತು ಸೊಳ್ಳೆ ಹೆಚ್ಚುತ್ತದೆ.

ಹಾಲಿನ ಪಾತ್ರೆಗಳ ಬಗ್ಗೆ ಒಂದು ಎಚ್ಚರಿಕೆ. ಕ್ಯಾನಿನ ಹಳೆಯ ಮುಚ್ಚಳ ತಟ್ಟೆಯಂತೆ ಅನುಕೂಲವಾಗಿ ಕಾಣಬಹುದು. ಆದರೆ ಹಕ್ಕಿಗೆ ಇಟ್ಟ ಪಾತ್ರೆ ಮತ್ತೆ ಹಾಲಿಗೆ ಬರಬಾರದು. ಅಂಥದನ್ನು ಬಳಸುವುದೇ ಆದರೆ ಅಂಚಿಗೆ ತೂತು ಹೊಡೆದು ಮತ್ತೆ ಯಾರೂ ಮರೆತು ಉಪಯೋಗಿಸದಂತೆ ಮಾಡಬೇಕು. ಫ್ಯಾಟ್, ಡಿಗ್ರಿ ಚೆನ್ನಾಗಿ ಬಂದರೂ ಪಾತ್ರೆ ಶುದ್ಧವಿಲ್ಲದಿದ್ದರೆ ಹಾಲು ಒಡೆಯುತ್ತದೆ ಎಂಬುದು ಸದಸ್ಯರಿಗೆ ತಿಳಿದ ವಿಷಯ.

ಮೊದಲನೆಯ ವಿಧಾನ: ಒಡೆದ ಕೊಡದ ತಳ

ಇದು ಎಲ್ಲಕ್ಕಿಂತ ಸುಲಭ. ಮಣ್ಣಿನ ಕೊಡ ಒಡೆದಾಗ ಸಾಮಾನ್ಯವಾಗಿ ತಳದ ಭಾಗ ಉಳಿಯುತ್ತದೆ. ಮೂರು ಇಂಚು ಎತ್ತರಕ್ಕೆ ಇದ್ದಿಲಿನಿಂದ ಸುತ್ತ ಗೆರೆ ಎಳೆದು, ಗೆರೆಯ ಮೇಲಿನ ಭಾಗವನ್ನು ಕಲ್ಲಿನಿಂದ ಸ್ವಲ್ಪ ಸ್ವಲ್ಪವೇ ತಟ್ಟಿ ತೆಗೆಯಿರಿ. ಅಂಚನ್ನು ಒರಟು ಕಲ್ಲಿಗೆ ತಿಕ್ಕಿ ಚೂಪು ಹೋಗಲಾಡಿಸಿ.

ತಳ ಗುಂಡಗಿರುವುದರಿಂದ ನೆಲದ ಮೇಲೆ ನಿಲ್ಲುವುದಿಲ್ಲ. ಇದಕ್ಕೆ ಕೊಡ ಹೊರಲು ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬಿಯೇ ಸಾಕು. ಹಳೆಯ ಸೀರೆಯ ತುಂಡಿನಿಂದ ಅಥವಾ ಹುಲ್ಲಿನಿಂದ ಸಿಂಬಿ ಸುತ್ತಿ, ಬೀಸುಕಲ್ಲು ಅಥವಾ ಇಟ್ಟಿಗೆಯ ಕಟ್ಟೆಯ ಮೇಲಿಟ್ಟು, ಅದರ ಮೇಲೆ ಕೊಡದ ತಳವನ್ನು ಕೂರಿಸಿ. ಒಳಗೆ ನಡುವೆ ಒಂದು ಕಲ್ಲು ಇಟ್ಟು, ಒಂದೂವರೆ ಇಂಚು ನೀರು ಹಾಕಿ. ಮೂರು ಇಂಚಿನ ಅಂಚು ಇದೆಯೆಂದು ತುಂಬ ನೀರು ಸುರಿಯಬಾರದು.

ಎರಡನೆಯ ವಿಧಾನ: ತೂಗು ತಟ್ಟೆ

ನಾಯಿ, ಬೆಕ್ಕುಗಳ ಕಾಟ ಇರುವಲ್ಲಿ ಇದು ಅನುಕೂಲ. ಹಳೆಯ ಪರಾತದ ಅಂಚಿನಲ್ಲಿ ಸಮ ಅಂತರದಲ್ಲಿ ಮೂರು ತೂತು ಹೊಡೆಯಿರಿ. ಮೂರಕ್ಕೂ ಒಂದೇ ಉದ್ದದ ಹಗ್ಗ ಕಟ್ಟಿ ಮೇಲೆ ಒಂದು ಗಂಟು ಹಾಕಿ. ತಂತಿಯನ್ನು ಬಳಸಿದರೆ ಅದರ ತುದಿಗಳನ್ನು ಒಳಕ್ಕೆ ಮಡಚಬೇಕು. ಬೇವಿನ ಅಥವಾ ಹುಣಸೆಯ ಕೊಂಬೆಗೆ ನಮ್ಮ ಎದೆಯ ಎತ್ತರಕ್ಕೆ ತೂಗಬಿಡಬೇಕು. ಆಗ ದಿನವೂ ತೊಳೆಯುವುದು ಸುಲಭ.

ತಟ್ಟೆ ಗಾಳಿಗೆ ಓಲಾಡದಂತೆ ತಳದಲ್ಲಿ ಒಂದು ಭಾರವಾದ ಚಪ್ಪಟೆ ಕಲ್ಲು ಇಡಬೇಕು. ಲೋಹ ನುಣುಪಾದ್ದರಿಂದ ಉಳಿದ ಜಾಗದಲ್ಲಿ ಹಂಚಿನ ಚೂರು ಹರಡಬೇಕು. ಲೋಹದ ತಟ್ಟೆ ಬಿಸಿಲಿನಲ್ಲಿ ಕಾಯುತ್ತದೆ. ಆದ್ದರಿಂದ ಇದನ್ನು ದಟ್ಟ ನೆರಳಿನಲ್ಲಿ ಮಾತ್ರ ಕಟ್ಟಬೇಕು. ಓಲಾಡುವ ತಟ್ಟೆಯಲ್ಲಿ ಹಕ್ಕಿಗಳು ಕುಡಿಯುತ್ತವೆ, ಮೀಯುವುದು ಕಡಿಮೆ.

ಮೂರನೆಯ ವಿಧಾನ: ಹಳೆಯ ಪುಟ್ಟಿಯ ಸಿಮೆಂಟು ತಟ್ಟೆ

ಸ್ವಲ್ಪ ಶ್ರಮವಾದರೂ ಇದು ವರ್ಷಗಟ್ಟಲೆ ಬಾಳುತ್ತದೆ. ತೂತು ಬಿದ್ದ ಪುಟ್ಟಿಯ ತುಕ್ಕನ್ನು ಉಜ್ಜಿ ತೆಗೆದು, ಒಳಗೆ ಒಂದು ತುಂಡು ಹಳೆಯ ಜಾಳಿಗೆ ಹಾಸಿ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಸೋಸಿದ ಮರಳು ಬೆರೆಸಿ ಗಟ್ಟಿಯಾಗಿ ಕಲಸಿಕೊಳ್ಳಿ. ತಳದಲ್ಲಿ ಮೊದಲು ಇಟ್ಟಿಗೆ ಚೂರು ತುಂಬಿ, ಅದರ ಮೇಲೆ ಗಾರೆ ಹಾಕುತ್ತಾ, ಅಂಚಿನಿಂದ ನಡುವಿಗೆ ಎರಡು ಇಂಚು ಇಳಿಯುವಂತೆ ಆಕಾರ ಕೊಡಿ. ಕರಣಿಯಿಂದ ನುಣುಪು ಮಾಡಬೇಡಿ. ಗಾರೆ ಹಸಿ ಇರುವಾಗಲೇ ಗೋಣಿ ತಟ್ಟನ್ನು ಒತ್ತಿ ತೆಗೆದರೆ ಬೇಕಾದ ಒರಟುತನ ಬರುತ್ತದೆ.

ಏಳು ದಿನ ಒದ್ದೆ ಗೋಣಿ ಮುಚ್ಚಿ ನೀರು ಉಣಿಸಬೇಕು. ನಂತರವೂ ಆತುರ ಪಡಬಾರದು. ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ನೀರಿಗೆ ಬಿಡುತ್ತದೆ. ಅದು ಹಕ್ಕಿಗೆ ಒಳ್ಳೆಯದಲ್ಲ. ಇನ್ನೂ ಒಂದು ವಾರ ದಿನವೂ ನೀರು ತುಂಬಿಸಿ ಚೆಲ್ಲಿ, ಆ ಮೇಲೆ ಉಪಯೋಗಕ್ಕೆ ಇಡಬೇಕು. ಹೊಸ ಡೋಣಿ ಕಟ್ಟಿಸಿದಾಗ ದನಗಳಿಗೂ ಇದೇ ಕ್ರಮ ಅನುಸರಿಸಬೇಕು.

ಹನಿ ನೀರಿನ ಉಪಾಯ

ತಟ್ಟೆ ಇಟ್ಟು ಬಹಳ ದಿನವಾದರೂ ಹಕ್ಕಿ ಬರದಿದ್ದರೆ ಒಂದು ಉಪಾಯ ಮಾಡಬಹುದು. ಕುಡಿಯುವ ನೀರಿನ ಹಳೆಯ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಸೂಜಿಯಿಂದ ಸಣ್ಣ ತೂತು ಮಾಡಿ, ನೀರು ತುಂಬಿ ತಟ್ಟೆಯ ಮೇಲೆ ತೂಗುಹಾಕಿ. ಮುಚ್ಚಳವನ್ನು ಬಿಗಿ ಅಥವಾ ಸಡಿಲ ಮಾಡಿ ಹನಿಯ ವೇಗ ಹೊಂದಿಸಬಹುದು. ಸೆಕೆಂಡಿಗೆ ಒಂದು ಹನಿ ಬಿದ್ದರೆ ಒಂದು ಲೀಟರ್ ನೀರು ಸುಮಾರು ಐದು ತಾಸು ಬರುತ್ತದೆ. ಹನಿ ಬೀಳುವ ಸಪ್ಪಳ ಮತ್ತು ನೀರಿನ ಅಲುಗಾಟ ಹಕ್ಕಿಗಳ ಗಮನ ಸೆಳೆಯುತ್ತದೆ.

ಎಲ್ಲಿ ಇಡಬೇಕು?

ಮಧ್ಯಾಹ್ನದ ನೆರಳು ಇರುವ ಕಡೆ, ಮೂರರಿಂದ ನಾಲ್ಕು ಅಡಿ ಎತ್ತರದಲ್ಲಿ ಇಡುವುದು ಒಳ್ಳೆಯದು. ತೊಯ್ದ ಹಕ್ಕಿಗೆ ಬೇಗ ಹಾರಲಾಗದು. ಅದನ್ನೇ ಕಾಯುತ್ತ ಬೆಕ್ಕು ಪೊದೆಯಲ್ಲಿ ಅಡಗಿರುತ್ತದೆ. ಆದ್ದರಿಂದ ಪೊದೆ, ಕಟ್ಟಿಗೆ ರಾಶಿ, ಬಣವೆಗಳಿಂದ 8ರಿಂದ 10 ಅಡಿ ದೂರವಿರಲಿ. ಆದರೆ ಹಾರಿ ಹೋಗಿ ಕೂರಲು ಹತ್ತಿರದಲ್ಲಿ ಒಂದು ಮರದ ಕೊಂಬೆಯೂ ಇರಲಿ.

ದನದ ಕೊಟ್ಟಿಗೆಗೆ ತೀರ ಹತ್ತಿರ ಬೇಡ. ಬೇಸಿಗೆಯಲ್ಲಿ ನೀರಿಗೆ ಜೇನ್ನೊಣಗಳೂ ಬರುತ್ತವೆ, ಅವು ದನಗಳಿಗೆ ಕಚ್ಚಬಹುದು. ಗ್ವಾದಲಿಯ ಮೇಲೆ, ಮೇವಿನ ಮೇಲೆ ಹಿಕ್ಕೆ ಬೀಳದಷ್ಟು ದೂರವಿರಲಿ. ಮನೆಯಲ್ಲಿ ಕೋಳಿ ಸಾಕಿದ್ದರೆ ಅವುಗಳಿಗೆ ಈ ತಟ್ಟೆಯ ನೀರು ಸಿಗಬಾರದು. ಕಾಡುಹಕ್ಕಿಗಳಿಂದ ಕೋಳಿಗಳಿಗೆ ರೋಗ ತಗಲುವ ಸಂಭವವಿದೆ. ಉಣ್ಣೆಗೆ ಔಷಧಿ ಸಿಂಪಡಿಸಿ ದನ ತೊಳೆದ ನೀರು, ಸ್ಪ್ರೇಯರ್ ತೊಳೆದ ನೀರು ಈ ಕಡೆ ಹರಿಯದಂತೆಯೂ ಎಚ್ಚರ ವಹಿಸಬೇಕು.

ದಿನನಿತ್ಯದ ಆರೈಕೆ

ತಟ್ಟೆ ಮಾಡುವುದು ಒಂದು ದಿನದ ಕೆಲಸ, ನೋಡಿಕೊಳ್ಳುವುದು ದಿನದ ಕೆಲಸ. ಬೆಳಿಗ್ಗೆ ಡೋಣಿಗೆ ನೀರು ತುಂಬುವಾಗಲೇ ತಟ್ಟೆಯ ಹಳೆಯ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ತೆಂಗಿನ ನಾರಿನಿಂದ ಒಳಗೋಡೆಯನ್ನು ತಿಕ್ಕಿ, ಹೊಸ ನೀರು ಹಾಕಬೇಕು. ಐದು ನಿಮಿಷದ ಕೆಲಸ. ಇದನ್ನು ಮನೆಯ ಮಕ್ಕಳಿಗೆ ವಹಿಸಿದರೆ ಅವರೇ ನಿಮಗೆ ನೆನಪು ಮಾಡುತ್ತಾರೆ.

ತಿಕ್ಕುವುದನ್ನು ಬಿಡಬಾರದು ಎನ್ನಲು ಕಾರಣವಿದೆ. ಸೊಳ್ಳೆ ಮೊಟ್ಟೆಯಿಂದ ಹೊರಬಂದು ರೆಕ್ಕೆ ಬಲಿಯಲು ಸಾಮಾನ್ಯವಾಗಿ 7ರಿಂದ 10 ದಿನ ಬೇಕು. ದಿನವೂ ನೀರು ಚೆಲ್ಲಿದರೆ ಮರಿಗಳು ಬಲಿಯುವುದಿಲ್ಲ. ಆದರೆ ಡೆಂಗಿ ಹರಡುವ ಸೊಳ್ಳೆಯು ನೀರಿನ ಮಟ್ಟದ ಮೇಲೆ ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಆ ಮೊಟ್ಟೆಗಳು ಒಣಗಿ ತಿಂಗಳುಗಟ್ಟಲೆ ಇದ್ದರೂ ಸಾಯುವುದಿಲ್ಲ, ಮತ್ತೆ ನೀರು ತಗುಲಿದಾಗ ಮರಿಯಾಗುತ್ತವೆ. ನೀರು ಚೆಲ್ಲಿದರಷ್ಟೇ ಸಾಲದು, ಗೋಡೆ ತಿಕ್ಕಲೇಬೇಕು.

ವಾರಕ್ಕೊಮ್ಮೆ ಬಿಸಿನೀರಿನಿಂದ ತೊಳೆದು ಅರ್ಧ ದಿನ ಬಿಸಿಲಿಗೆ ಬೋರಲು ಹಾಕಿ ಒಣಗಿಸಬೇಕು. ಬೋರಿನ ಗಡಸು ನೀರಿನಿಂದ ಬಿಳಿ ಪೊರೆ ಕಟ್ಟಿದರೆ ಹುಣಸೆಹಣ್ಣಿನಿಂದ ತಿಕ್ಕಿದರೆ ಹೋಗುತ್ತದೆ. ಸಾಬೂನು ಪುಡಿ ಬೇಡ. ಅದು ಗರಿಯ ಎಣ್ಣೆಯನ್ನು ತೆಗೆಯುತ್ತದೆ. ಮನೆಯವರೆಲ್ಲ ಒಂದೆರಡು ದಿನ ಊರಿಗೆ ಹೋಗುವುದಾದರೆ ನೆರೆಯವರಿಗೆ ಹೇಳಿ ಹೋಗಬೇಕು, ಇಲ್ಲವೇ ತಟ್ಟೆಯನ್ನು ಬೋರಲು ಹಾಕಿ ಹೋಗಬೇಕು.

ಡೋಣಿಗೂ ಒಂದು ಏಣಿ

ಹಕ್ಕಿಗೆ ಬೇರೆ ನೀರು ಇಟ್ಟರೂ ಕೆಲವು ಡೋಣಿಗೆ ಬರುತ್ತವೆ. ಅಮೆರಿಕದ ಪಶ್ಚಿಮ ಭಾಗದ ಒಣ ಪ್ರದೇಶಗಳಲ್ಲಿ ದನಗಳ ನೀರಿನ ತೊಟ್ಟಿಗೆ ಬಿದ್ದ ಪ್ರಾಣಿ-ಪಕ್ಷಿಗಳು ಹತ್ತಿ ಹೊರಬರಲೆಂದು ಒಳಗೆ ಇಳಿಜಾರು ಜಾಳಿಗೆಯನ್ನು ಅಳವಡಿಸುತ್ತಾರೆ. ಇದನ್ನು ಅಲ್ಲಿಯ ಕೃಷಿ ಇಲಾಖೆಯೇ ಶಿಫಾರಸು ಮಾಡುತ್ತದೆ. ನಾವು ಇಷ್ಟು ಮಾಡಿದರೆ ಸಾಕು: ತೊಳೆದು ಒಣಗಿಸಿದ ಗೋಣಿ ತಟ್ಟಿನ ಒಂದು ತುದಿಯನ್ನು ಡೋಣಿಯ ಅಂಚಿಗೆ ಕಲ್ಲು ಹೇರಿ ನಿಲ್ಲಿಸಿ, ಇನ್ನೊಂದು ತುದಿ ಗೋಡೆಗೆ ಅಂಟಿಕೊಂಡು ತಳ ಮುಟ್ಟುವಂತೆ ಇಳಿಬಿಡಬೇಕು. ಈಜುವ ಹಕ್ಕಿ ಗೋಡೆಯ ಸುತ್ತಲೇ ಸುತ್ತುತ್ತದೆ, ಗೋಣಿ ಸಿಕ್ಕೊಡನೆ ಹಿಡಿದು ಏರುತ್ತದೆ. ಗೊಬ್ಬರದ ಅಥವಾ ಬೀಜೋಪಚಾರ ಮಾಡಿದ ಬೀಜದ ಚೀಲ ಆಗದು. ಗೋಣಿಯನ್ನು ವಾರಕ್ಕೊಮ್ಮೆ ಬದಲಿಸಬೇಕು.

ಕೆಲವು ಪ್ರಶ್ನೆಗಳು

ನೀರಿನ ಬದಲು ಹಾಲು, ಬೆಲ್ಲದ ನೀರು ಇಡಬಹುದೇ?
ಬೇಡ. ಹಾಲಿನಲ್ಲಿರುವ ಸಕ್ಕರೆಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ಹಕ್ಕಿಗಳಿಗಿಲ್ಲ. ಬಿಸಿಲಿಗೆ ಹಾಲು ಬೇಗ ಕೆಡುತ್ತದೆ, ಬೆಲ್ಲಕ್ಕೆ ಇರುವೆ ಮುತ್ತುತ್ತವೆ. ಉಪ್ಪು, ಖನಿಜ ಮಿಶ್ರಣ ಮುಂತಾದುವನ್ನೂ ಬೆರೆಸಬಾರದು. ಶುದ್ಧ ನೀರಷ್ಟೇ ಸಾಕು.

ಎಷ್ಟು ದಿನದಲ್ಲಿ ಹಕ್ಕಿ ಬರುತ್ತವೆ?
ಹೇಳಲಾಗದು. ಮೊದಲು ಕಾಗೆ, ಗೊರವಂಕ ಬರುತ್ತವೆ. ಅವು ಬಂದುಹೋಗುವುದನ್ನು ನೋಡಿ ಗುಬ್ಬಿ, ಪಿಕಳಾರ, ಬೆಳವಗಳು ಧೈರ್ಯ ಮಾಡುತ್ತವೆ. ಜಾಗವನ್ನು ಪದೇ ಪದೇ ಬದಲಾಯಿಸಬಾರದು. ಹೆಚ್ಚಿನ ಹಕ್ಕಿಗಳು ಕೊಕ್ಕಿನಲ್ಲಿ ನೀರು ತೆಗೆದುಕೊಂಡು ತಲೆ ಮೇಲೆತ್ತಿ ನುಂಗುತ್ತವೆ. ಬೆಳವ, ಪಾರಿವಾಳಗಳು ಮಾತ್ರ ದನದಂತೆ ತಲೆ ಬಗ್ಗಿಸಿಯೇ ಹೀರುತ್ತವೆ. ಮಕ್ಕಳಿಗೆ ಇದನ್ನು ತೋರಿಸಬಹುದು.

ತಟ್ಟೆಯ ಹತ್ತಿರ ಹಕ್ಕಿ ಸತ್ತು ಬಿದ್ದಿದ್ದರೆ?
ಬರಿಗೈಯಿಂದ ಮುಟ್ಟಬಾರದು. ಒಂದಕ್ಕಿಂತ ಹೆಚ್ಚು ಸತ್ತಿದ್ದರೆ ನೀರು ಇಡುವುದನ್ನು ನಿಲ್ಲಿಸಿ, ಸಮೀಪದ ಪಶು ಆಸ್ಪತ್ರೆಗೆ ತಿಳಿಸಬೇಕು.

ಮಳೆಗಾಲದಲ್ಲಿ ಇಡಬೇಕೇ?
ಅಗತ್ಯವಿಲ್ಲ. ಮುಂಗಾರು ಹಿಡಿದ ಮೇಲೆ ತಟ್ಟೆಯನ್ನು ತೊಳೆದು ಒಣಗಿಸಿ ಬೋರಲು ಹಾಕಿ ಇಡಿ. ಮಳೆ ನೀರು ನಿಂತ ತಟ್ಟೆ ಸೊಳ್ಳೆಯ ಮನೆಯಾಗುತ್ತದೆ.

ಕೊನೆಯ ಮಾತು

ಪ್ರತಿ ವರ್ಷ ಮಾರ್ಚ್ 20ನ್ನು ವಿಶ್ವ ಗುಬ್ಬಚ್ಚಿ ದಿನವೆಂದು ಆಚರಿಸುತ್ತಾರೆ. 2010ರಲ್ಲಿ ಇದು ಮೊದಲ ಬಾರಿಗೆ ನಡೆಯಿತು. ನಮ್ಮ ಭಾಗದಲ್ಲಿ ಬಿಸಿಲು ಏರುವುದೂ ಅದೇ ಹೊತ್ತಿಗೆ. ಆ ದಿನದೊಳಗೆ ತಟ್ಟೆ ಸಿದ್ಧವಾದರೆ ಬೇಸಿಗೆಯ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಸಿಮೆಂಟಿನದು ಮಾಡುವವರು ಮಾರ್ಚ್ ಮೊದಲ ವಾರವೇ ಕೆಲಸಕ್ಕೆ ತೊಡಗಬೇಕು.

ನನ್ನ ಹಿತ್ತಲಿನಲ್ಲಿ ಈಗ ಸ್ಟೀಲ್ ಬೋಗುಣಿ ಇಲ್ಲ. ಅದೇ ಕಟ್ಟೆಯ ಮೇಲೆ, ಹಳೆಯ ಸೀರೆಯ ಸಿಂಬಿಯ ಮೇಲೆ, ಒಡೆದ ಕೊಡದ ತಳವಿದೆ. ಬೆಳಗಿನ ಹಾಲು ಸಂಘಕ್ಕೆ ಹಾಕಿ ಬರುವಷ್ಟರಲ್ಲಿ ಗುಬ್ಬಿಗಳು ಅದರಲ್ಲಿ ಮಿಂದು ಹೋಗಿರುತ್ತವೆ. ಕಟ್ಟೆಯ ಕಲ್ಲು ಒದ್ದೆಯಾಗಿರುತ್ತದೆ. ಡೋಣಿಯಲ್ಲಿ ಗೋಣಿ ತಟ್ಟು ಇಳಿಬಿಟ್ಟ ಮೇಲೆ ಸತ್ತ ಹಕ್ಕಿಯನ್ನು ಎತ್ತಿ ಹಾಕುವ ಕೆಲಸ ನನಗೆ ಬಂದಿಲ್ಲ.

ನೆನಪಿನಲ್ಲಿಡಿ: ಎರಡು ಇಂಚು ಮೀರದ ನೀರು, ಕಾಲೂರಲು ಒರಟು ನೆಲ, ದಿನಕ್ಕೊಮ್ಮೆ ತಿಕ್ಕಿ ತೊಳೆಯುವುದು. ಹಕ್ಕಿಯ ನೀರು ಹಕ್ಕಿಗೆ, ದನದ ನೀರು ದನಕ್ಕೆ.